ಷೆಡ್ಡಿನ ಪ್ರಯೋಗಕ್ಕೆ ತೆರಿಗೆಯ ಖಾನೆ

ರಾಜಾಜಿನಗರದ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಒಳಗಲ್ಲಿಗಳು – ಇಲ್ಲಿನ ಸಣ್ಣ ಷೆಡ್ಡುಗಳಲ್ಲಿ ‘ಸಂಶೋಧನೆ’ ಎಂಬ ಮಾತು ಕಿವಿಗೆ ಬೀಳುವುದು ಅಪರೂಪ. ‘ಟ್ರಯಲ್ ನೋಡ್ತಾ ಇದೀವಿ’ ಎನ್ನುತ್ತಾರೆ, ಅಷ್ಟೆ. ಸರಿಯಾಗಿ ಕೂರದ ಡೈಯನ್ನು ಮತ್ತೆ ಉಜ್ಜುವುದು, ಉಕ್ಕಿನ ಜಾತಿ ಬದಲಿಸಿ ಹದ ಕೊಟ್ಟು ನೋಡುವುದು, ಮೂರು ಬಾರಿ ಕೆಟ್ಟದ್ದನ್ನು ಗುಜರಿಗೆ ಹಾಕಿ ನಾಲ್ಕನೆಯ ಬಾರಿ ಗೆಲ್ಲುವುದು. ಇದಕ್ಕೆ ತಗಲಿದ ಖರ್ಚು ಲೆಕ್ಕದ ಪುಸ್ತಕದಲ್ಲಿ ಸಾಮಗ್ರಿ, ಕೂಲಿ, ಕರೆಂಟು ಬಿಲ್ಲುಗಳ ನಡುವೆ ಕರಗಿಹೋಗುತ್ತದೆ. ಆದರೆ ನಮ್ಮ ಆದಾಯ ತೆರಿಗೆ ಕಾನೂನು ಇಂಥ ಖರ್ಚಿಗೆಂದೇ ಸುಮಾರು ಎಂಬತ್ತು ವರ್ಷಗಳಿಂದ ಒಂದು ಪ್ರತ್ಯೇಕ ಖಾನೆಯನ್ನು ತೆರೆದಿಟ್ಟಿದೆ.

ಆ ಖಾನೆ ಹುಟ್ಟಿದ್ದು 1946ರಲ್ಲಿ, 1922ರ ಆದಾಯ ತೆರಿಗೆ ಕಾಯ್ದೆಗೆ ಬಂದ ತಿದ್ದುಪಡಿಯಿಂದ. ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಆರಂಭವಾದದ್ದೂ ಅದೇ ವರ್ಷ ಎಂಬುದು ಬರೀ ಕಾಕತಾಳೀಯ. ಮಹಾಯುದ್ಧ ಮುಗಿದಿತ್ತು, ಪ್ರಯೋಗಾಲಯದಲ್ಲಿ ಸುರಿದ ಹಣ ಕಾರ್ಖಾನೆಗೆ ಹೇಗೆ ಒದಗಿ ಬರುತ್ತದೆಂಬುದನ್ನು ಲೋಕವೇ ಕಂಡಿತ್ತು. ವ್ಯಾಪಾರಕ್ಕೆ ಸಂಬಂಧಿಸಿದ ವೈಜ್ಞಾನಿಕ ಸಂಶೋಧನೆಯ ಖರ್ಚನ್ನು ಲಾಭದಿಂದ ಕಳೆಯಬಹುದು, ಅದಕ್ಕೆಂದು ಕೊಂಡ ಯಂತ್ರದ ಬೆಲೆಯನ್ನು ಐದು ಸಮ ಕಂತುಗಳಲ್ಲಿ ಕಳೆಯಬಹುದು ಎಂದಿತು ಕಾನೂನು. 1961ರ ಕಾಯ್ದೆಯಲ್ಲಿ ಇದೇ 35ನೇ ಕಲಮಾಯಿತು. 1967ರ ಏಪ್ರಿಲಿನಿಂದ ಐದು ಕಂತಿನ ಕಟ್ಟಳೆಯೂ ಹೋಗಿ, ಯಂತ್ರದ ಪೂರ್ತಿ ಬೆಲೆಯನ್ನು ಕೊಂಡ ವರ್ಷವೇ ಕಳೆಯಲು ಅವಕಾಶವಾಯಿತು.

ಇದರ ಬೆಲೆ ತಿಳಿಯಬೇಕಾದರೆ ಒಂದು ಸಣ್ಣ ಲೆಕ್ಕ ಹಾಕಬೇಕು. ಹತ್ತು ಲಕ್ಷದ ಯಂತ್ರವನ್ನು ತಯಾರಿಕೆಗೆ ಕೊಂಡರೆ ಸಾಮಾನ್ಯವಾಗಿ ವರ್ಷಕ್ಕೆ ಶೇ. 15ರಂತೆ ಸವಕಳಿ ಸಿಗುತ್ತದೆ. ಮೊದಲ ವರ್ಷ ಒಂದೂವರೆ ಲಕ್ಷ. ಅದೇ ಯಂತ್ರ ಸಂಶೋಧನೆಗೆಂದು ಬಂದದ್ದಾದರೆ ಹತ್ತು ಲಕ್ಷವೂ ಆ ವರ್ಷವೇ ಲಾಭದಿಂದ ಇಳಿಯುತ್ತದೆ. ಕೂಲಿ, ಸಾಮಗ್ರಿಗಳ ವಿಷಯದಲ್ಲಿ ಅಂಥ ಲಾಭವೇನೂ ಇಲ್ಲ, ಅವು ಹೇಗಿದ್ದರೂ ವ್ಯಾಪಾರದ ಖರ್ಚೇ. ಯಂತ್ರದಲ್ಲಿ ಮಾತ್ರ ವ್ಯತ್ಯಾಸ ದೊಡ್ಡದು. ಪಾಲುದಾರಿಕೆಯಿರಲಿ, ಒಬ್ಬನೇ ಮಾಲೀಕನಿರಲಿ, ಈ ಕಲಮು ಎಲ್ಲರಿಗೂ ಅನ್ವಯಿಸುತ್ತದೆ. ದೆಹಲಿಯ ಅಪ್ಪಣೆ ಬೇಕಿಲ್ಲ.

ಹಾಗಾದರೆ ಸಂಶೋಧನೆ ಎಂದರೇನು? ಪ್ರಕೃತಿ ವಿಜ್ಞಾನ ಅಥವಾ ಅನ್ವಯಿಕ ವಿಜ್ಞಾನದಲ್ಲಿ ತಿಳಿವಳಿಕೆಯನ್ನು ವಿಸ್ತರಿಸುವ ಯಾವುದೇ ಕೆಲಸ ಎನ್ನುತ್ತದೆ ಕಾಯ್ದೆ. ಕೃಷಿ, ಪಶುಪಾಲನೆ, ಮೀನುಗಾರಿಕೆಯೂ ಅದರೊಳಗೆ ಸೇರಿವೆ. ಕಾರ್ಮಿಕರ ಕ್ಷೇಮಕ್ಕೆ ಸಂಬಂಧಿಸಿದ ವೈದ್ಯಕೀಯ ಸಂಶೋಧನೆಯನ್ನೂ ವ್ಯಾಪಾರಕ್ಕೆ ಸೇರಿದ್ದೆಂದೇ ಎಣಿಸಿದ್ದಾರೆ. ಗಿರಾಕಿ ಕೊಟ್ಟ ನಕ್ಷೆಯಂತೆ ಲೇತಿನಲ್ಲಿ ಭಾಗ ತಿರುವಿ ಕೊಡುವುದು ಇದರಲ್ಲಿ ಬರುವುದಿಲ್ಲ. ಆ ನಕ್ಷೆಯಂತೆ ಮಾಡಲಾಗದೆ, ಯಾಕೆ ಆಗುತ್ತಿಲ್ಲವೆಂದು ಲೋಹದ ಗುಣವನ್ನೇ ಹುಡುಕಹೊರಟರೆ ಬರಬಹುದು. ತಕರಾರು ಎದ್ದರೆ ತೆರಿಗೆ ಅಧಿಕಾರಿ ತಾನೇ ವಿಜ್ಞಾನಿಯಾಗುವಂತಿಲ್ಲ. ಪ್ರಶ್ನೆ ಮಂಡಲಿಯ ಮೂಲಕ ನಿಯೋಜಿತ ಪ್ರಾಧಿಕಾರಕ್ಕೆ ಹೋಗಬೇಕು, ಅದರ ಮಾತೇ ಕೊನೆ.

ಪಶ್ಚಿಮ ಬೆಂಗಳೂರಿನಲ್ಲಿ ಇದಕ್ಕೆ ಬೇಕಾದ ನೆರವಿನ ಮನೆಗಳು ಕೂಗಳತೆಯಲ್ಲೇ ಇದ್ದವು. ಸಣ್ಣ ಕೈಗಾರಿಕೆಗಳ ಸಂಘ ‘ಕಾಸಿಯಾ’ 1949ರದು, ಅದರ ಕಚೇರಿ ವಿಜಯನಗರದಲ್ಲಿ. ತುಮಕೂರು ರಸ್ತೆಯಲ್ಲಿ 1962ರಲ್ಲಿ ಯಂತ್ರೋಪಕರಣಗಳ ಕೇಂದ್ರ ಸಂಸ್ಥೆ ಬಂತು. 1972ರಲ್ಲಿ ಡೆನ್ಮಾರ್ಕಿನ ಸಹಕಾರದಿಂದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಹುಟ್ಟಿತು. ಅದು ಇರುವುದು ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲೇ. ಡೈ, ಅಚ್ಚು ಮಾಡುವ ಕೈಗಳಿಗೆ ಶಾಸ್ತ್ರದ ಪಾಠವೂ ಸಿಕ್ಕಿತು.

ಸರ್ಕಾರ ಹೆಚ್ಚಿನ ಆಸೆ ತೋರಿಸಿದ್ದು 1997ರ ಬಜೆಟ್ಟಿನಲ್ಲಿ. ಸ್ವಂತ ಪ್ರಯೋಗಾಲಯದಲ್ಲಿ ನೂರು ರೂಪಾಯಿ ಖರ್ಚು ಮಾಡಿದರೆ ನೂರಿಪ್ಪತ್ತೈದು ಕಳೆಯಿರಿ ಎಂದಿತು. ಇದು ಮುಂದೆ ನೂರೈವತ್ತಾಗಿ, 2010ರ ಬಜೆಟ್ಟಿನಲ್ಲಿ ಇನ್ನೂರಾಯಿತು. ಅಮೆರಿಕದಲ್ಲಿ 1981ರಿಂದ ಇರುವುದು ಬೇರೆ ಬಗೆ: ಅಲ್ಲಿ ಕಟ್ಟಬೇಕಾದ ತೆರಿಗೆಯಲ್ಲೇ ಒಂದು ಪಾಲು ಮುರಿದುಕೊಳ್ಳುತ್ತಾರೆ. ನಮ್ಮದರಲ್ಲಿ ಇಳಿಯುವುದು ತೆರಿಗೆಗೆ ಒಳಪಡುವ ಲಾಭ. ಲಾಭವೇ ಇಲ್ಲದ ವರ್ಷ ನೂರೈವತ್ತೂ ಇನ್ನೂರೂ ಕೈಗೆ ಕಾಸು ತರುವುದಿಲ್ಲ.

ಈ ಹೆಚ್ಚುವರಿಗೆ ಬಾಗಿಲು ಕಿರಿದಾಗಿತ್ತು. ಮೊದಲನೆಯದಾಗಿ, ಅದು ಕಂಪನಿಗಳಿಗೆ ಮಾತ್ರ. ಅಪ್ಪ-ಮಗ, ಅಣ್ಣ-ತಮ್ಮಂದಿರ ಪಾಲುದಾರಿಕೆಯ ಷೆಡ್ಡಿಗೆ ಪ್ರವೇಶವೇ ಇಲ್ಲ. ಮೊದಲ ಪಟ್ಟಿಯಲ್ಲಿ ಹೆಸರಿಸಿದ್ದು ಔಷಧ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್, ದೂರಸಂಪರ್ಕ, ರಾಸಾಯನಿಕಗಳಂಥವನ್ನು. ಹೆಚ್ಚುಕಡಿಮೆ ಎಲ್ಲ ತಯಾರಿಕೆಗೂ ಅದನ್ನು ಚಾಚಿದ್ದು 2009ರಲ್ಲಿ. ಆಗಲೂ ಮದ್ಯ, ತಂಬಾಕು, ಹಲ್ಲುಪೇಸ್ಟ್ ಜೊತೆಗೆ ಉಕ್ಕಿನ ಪೀಠೋಪಕರಣವನ್ನೂ ಹೊರಗಿಟ್ಟರು. ನಮ್ಮ ಮನೆಮನೆಯ ಬೀರು ಮಾಡುವವನು ಯಾವ ಪಾಪ ಮಾಡಿದ್ದನೋ! ಇಷ್ಟರ ಮೇಲೆ ದೆಹಲಿಯ ವಿಜ್ಞಾನ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯ ಮಾನ್ಯತೆ ಬೇಕು. ಪ್ರಯೋಗಕ್ಕೆ ಬೇರೆ ಜಾಗ, ಬೇರೆ ಸಿಬ್ಬಂದಿ, ಬೇರೆ ಲೆಕ್ಕ ಇರಬೇಕು. ದಿನನಿತ್ಯದ ಗುಣಮಟ್ಟ ಪರೀಕ್ಷೆ ಸಲ್ಲದು. ಒಂದೇ ಮಿಲ್ಲಿಂಗ್ ಯಂತ್ರದಲ್ಲಿ ಬೆಳಿಗ್ಗೆ ಜಾಬ್ ವರ್ಕ್, ಸಂಜೆ ಟ್ರಯಲ್ ಮಾಡುವ ಷೆಡ್ಡಿಗೆ ಈ ಷರತ್ತುಗಳು ಕೈಗೆಟುಕುವಂಥವಲ್ಲ. ದುರುಪಯೋಗ ತಡೆಯಲು ಗೋಡೆ ಬೇಕಿತ್ತು, ನಿಜ. ಆದರೆ ಗೋಡೆ ಕಟ್ಟಿದವರ ಕಣ್ಣ ಮುಂದಿದ್ದದ್ದು ದೊಡ್ಡ ಕಾರ್ಖಾನೆಯೇ ಎಂದು ನನಗನ್ನಿಸುತ್ತದೆ.

2016ರ ಬಜೆಟ್ ಈ ಏಣಿಯನ್ನು ಇಳಿಸತೊಡಗಿತು: 2017ರ ಏಪ್ರಿಲಿನಿಂದ ನೂರೈವತ್ತು, 2020ರ ಏಪ್ರಿಲಿನಿಂದ ಬರೀ ನೂರು. ತೆರಿಗೆಯ ದರ ಇಳಿಸಿ ವಿನಾಯಿತಿಗಳನ್ನು ಕಡಿಮೆ ಮಾಡುವುದು ಆಗಿನ ನೀತಿ. 2019ರಲ್ಲಿ ಕಂಪನಿಗಳಿಗೆ ಶೇ. 22ರ ದರ ಬಂದಾಗಲೂ, ಅದನ್ನು ಒಪ್ಪಿದವರು ಆ ಮಾನ್ಯತೆಯ ಕಲಮನ್ನು ಬಿಡಬೇಕಾಯಿತು. ಹೀಗೆ ಕಂಪನಿಯ ಪ್ರಯೋಗಾಲಯವೂ ಕಾಮಾಕ್ಷಿಪಾಳ್ಯದ ಷೆಡ್ಡೂ ಮತ್ತೆ ಒಂದೇ ಸಾಲಿನಲ್ಲಿ ನಿಂತವು. ಹಳೆಯ ಸರಳ ಸೌಲಭ್ಯ ಮಾತ್ರ ಉಳಿಯಿತು; 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಿದ 2025ರ ಆದಾಯ ತೆರಿಗೆ ಕಾಯ್ದೆಯಲ್ಲೂ ಅದಕ್ಕೆ ಜಾಗವಿದೆ.

ಅದನ್ನು ಪಡೆಯಲು ಬೇಕಾದದ್ದು ಬರವಣಿಗೆ. ಯಾವ ತೊಂದರೆಯನ್ನು ಬಿಡಿಸಹೊರಟದ್ದು, ಯಾವ ಲೋಹ, ಎಷ್ಟು ಬಿಸಿ, ಎಲ್ಲಿ ಬಿರುಕು ಬಿಟ್ಟಿತು, ಯಾರು ಎಷ್ಟು ದಿನ ದುಡಿದರು ಎಂದು ದಿನಾಂಕ ಹಾಕಿ ಬರೆದ ಒಂದು ನೋಟುಪುಸ್ತಕ. ಯಂತ್ರದ ಬಿಲ್ಲು ಬೇರೆ ಖಾತೆಯಲ್ಲಿ. ಮೇಸ್ತ್ರಿಯ ತಲೆಯಲ್ಲಿರುವ ಲೆಕ್ಕವನ್ನು ಆಡಿಟರ್ ಓದಲಾರ. ಕೆಟ್ಟುಹೋದ ಮೂರು ಡೈಗಳನ್ನು ಗುಜರಿಯವನು ತೂಕ ಮಾಡಿ ಒಯ್ಯುವ ಮೊದಲೇ ಆ ಪುಟ ತುಂಬಿರಬೇಕು.