ಹೈಪರ್‌ಟಾನಿಕ್ ಸಲೈನ್: ಸೋಡಿಯಂ ಪ್ರಮಾಣ ಮತ್ತು ಚಿಕಿತ್ಸೆಯ ಇತಿಹಾಸ

ರಕ್ತದ ದ್ರವಭಾಗಕ್ಕಿಂತ ಹೆಚ್ಚು ಸಾಂದ್ರವಾದ ಅಡಿಗೆ ಉಪ್ಪಿನ ದ್ರಾವಣಕ್ಕೆ ಹೈಪರ್‌ಟಾನಿಕ್ ಸಲೈನ್ ಎಂದು ಹೆಸರು. ಆಸ್ಪತ್ರೆಗಳಲ್ಲಿ ದಿನನಿತ್ಯ ಹಾಕುವ 0.9% ಸಲೈನ್‌ನ ಒಂದು ಲೀಟರ್‌ನಲ್ಲಿ 9 ಗ್ರಾಂ ಉಪ್ಪು, ಅಂದರೆ 154 ಮಿಲಿಮೋಲ್ ಸೋಡಿಯಂ ಇರುತ್ತದೆ. 3% ದ್ರಾವಣದಲ್ಲಿ ಅದು 513, 7.5%ರಲ್ಲಿ ಸುಮಾರು 1,283, 23.4%ರಲ್ಲಿ ಸುಮಾರು 4,000. ಹೀಗಾಗಿ 7.5% ದ್ರಾವಣದ ಕಾಲು ಲೀಟರ್ ಕೊಟ್ಟರೆ ಎರಡು ಲೀಟರ್ ಸಾಧಾರಣ ಸಲೈನ್‌ಗಿಂತ ಹೆಚ್ಚು ಸೋಡಿಯಂ ದೇಹ ಸೇರುತ್ತದೆ. ಅಷ್ಟು ಉಪ್ಪು ರಕ್ತಕ್ಕೆ ಬಂದಾಗ ಜೀವಕೋಶಗಳ ಒಳಗಿನ ನೀರು ಹೊರಗೆ ಹರಿಯುತ್ತದೆ. ಈ ದ್ರಾವಣದ ಉಪಯೋಗ, ಅಪಾಯ ಎರಡಕ್ಕೂ ಇದೇ ಮೂಲ.

ರಕ್ತನಾಳದೊಳಕ್ಕೆ ಉಪ್ಪುನೀರು ಹರಿಸುವ ಚಿಕಿತ್ಸೆ ಹುಟ್ಟಿದ್ದು ಕಾಲರಾದಿಂದ. 1832ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಥಾಮಸ್ ಲಟ್ಟಾ ಬಳಸಿದ ದ್ರಾವಣ ರಕ್ತಕ್ಕಿಂತ ತೆಳುವಾಗಿತ್ತು. ಸಾಂದ್ರ ದ್ರಾವಣದ ದೊಡ್ಡ ಪ್ರಯೋಗ ನಡೆದದ್ದು ಕಲ್ಕತ್ತಾದಲ್ಲಿ. ಸಾಧಾರಣ ಸಲೈನ್ ಕೊಟ್ಟರೂ ಅದು ಭೇದಿಯಲ್ಲಿ ಬೇಗನೆ ಹೊರಟುಹೋಗುವುದನ್ನು ಕಂಡ ಲಿಯೊನಾರ್ಡ್ ರೋಜರ್ಸ್, 1908ರ ಸುಮಾರಿಗೆ ಒಂದು ಪೈಂಟ್ ನೀರಿಗೆ 120 ಗ್ರೇನ್ ಉಪ್ಪು, ಅಂದರೆ ಹೆಚ್ಚುಕಡಿಮೆ 1.4% ದ್ರಾವಣವನ್ನು ಕೊಡತೊಡಗಿದರು. ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತೆಂದು ವರದಿ ಮಾಡಿದರು. ಭಾರತದ ವೈದ್ಯಕೀಯ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಗಮನ ಇನ್ನೂ ಸಿಕ್ಕಿಲ್ಲ.

1919ರಲ್ಲಿ ಅಮೆರಿಕದ ಲೂಯಿಸ್ ವೀಡ್ ಮತ್ತು ಪಾಲ್ ಮೆಕಿಬೆನ್ ಬೆಕ್ಕುಗಳ ರಕ್ತನಾಳಕ್ಕೆ ಸಾಂದ್ರ ಉಪ್ಪುನೀರು ಕೊಟ್ಟು, ಮಿದುಳು ಕುಗ್ಗುವುದನ್ನು ತೋರಿಸಿದರು. ಬಟ್ಟಿ ಇಳಿಸಿದ ನೀರು ಕೊಟ್ಟಾಗ ಅದೇ ಮಿದುಳು ಊದಿತು. ಬಾವು ಬಂದ ಮಿದುಳಿನ ಒತ್ತಡ ಇಳಿಸುವ ಚಿಕಿತ್ಸೆಗೆ ಈ ಪ್ರಯೋಗವೇ ಬುನಾದಿ. ಮುಂದೆ ಯೂರಿಯಾ, ಆಮೇಲೆ ಮ್ಯಾನಿಟಾಲ್ ಆ ಜಾಗಕ್ಕೆ ಬಂದವು. 1980ರ ದಶಕದ ಕೊನೆಯಿಂದ ಉಪ್ಪಿನ ದ್ರಾವಣ ನರವಿಜ್ಞಾನದ ಐಸಿಯುಗಳಿಗೆ ಮರಳಿತು. 23.4% ದ್ರಾವಣದ 30 ಮಿ.ಲೀ. ಸೀಸೆಯನ್ನು ಅಲ್ಲಿ ದೊಡ್ಡ ಅಭಿಧಮನಿಯ ಮೂಲಕವೇ ಕೊಡುತ್ತಾರೆ.

ಅತಿ ದೊಡ್ಡ ನಿರೀಕ್ಷೆ ಹುಟ್ಟಿದ್ದು ಬ್ರೆಜಿಲ್‌ನಲ್ಲಿ. 1980ರಲ್ಲಿ ವೆಲಾಸ್ಕೊ ಮತ್ತು ಸಂಗಡಿಗರು, ತೀವ್ರ ರಕ್ತಸ್ರಾವವಾದ ನಾಯಿಗಳಿಗೆ 7.5% ದ್ರಾವಣದ ಸಣ್ಣ ಪ್ರಮಾಣ ಕೊಟ್ಟು ರಕ್ತದೊತ್ತಡ ಮೇಲೇರಿಸಿದರು. ಯುದ್ಧಭೂಮಿಗೂ ಆಂಬುಲೆನ್ಸಿಗೂ ಇದಕ್ಕಿಂತ ಹಗುರವಾದ ಔಷಧಿ ಬೇಕೇ ಎನ್ನುವ ಉತ್ಸಾಹ ಹಬ್ಬಿತು. ಆದರೆ ಮನುಷ್ಯರ ಮೇಲಿನ ಪರೀಕ್ಷೆಗಳು ಆ ನಂಬಿಕೆಯನ್ನು ಎತ್ತಿಹಿಡಿಯಲಿಲ್ಲ. ಆಸ್ಟ್ರೇಲಿಯಾದಲ್ಲಿ ತಲೆಗೆ ಪೆಟ್ಟಾದ 229 ಜನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ನಂತರ ಈ ದ್ರಾವಣ ಪಡೆದ ಮತ್ತು ಪಡೆಯದ ಎರಡೂ ಗುಂಪುಗಳ ಸ್ಥಿತಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಉತ್ತರ ಅಮೆರಿಕದ 2010ರ ಅಧ್ಯಯನವೂ ಲಾಭ ಕಾಣಲಿಲ್ಲ. ಒತ್ತಡ ಏರುವುದು ಬೇರೆ, ರೋಗಿ ಉಳಿಯುವುದು ಬೇರೆ.

ರಕ್ತನಾಳದ ಆಚೆಗೂ ಈ ದ್ರಾವಣಕ್ಕೆ ಉಪಯೋಗವಿದೆ. ಶ್ವಾಸಕೋಶದಲ್ಲಿ ಗಟ್ಟಿ ಕಫ ಕಟ್ಟಿಕೊಳ್ಳುವ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯ ರೋಗಿಗಳು 7% ದ್ರಾವಣವನ್ನು ನೆಬ್ಯುಲೈಸರ್‌ನಲ್ಲಿ ಉಸಿರಾಡಿದರೆ ಕಫ ಸಡಿಲವಾಗುತ್ತದೆ. 2006ರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಇದನ್ನು ಬಳಸಿದವರಲ್ಲಿ ಕಾಯಿಲೆ ಉಲ್ಬಣಿಸುವುದು ಕಡಿಮೆಯಾಗಿತ್ತು.

ಇಂದು 3% ದ್ರಾವಣಕ್ಕೆ ಮುಖ್ಯ ಕೆಲಸ, ರಕ್ತದ ಸೋಡಿಯಂ ತೀರಾ ಕುಸಿದು ಫಿಟ್ಸ್ ಬಂದಾಗ ಅಥವಾ ಪ್ರಜ್ಞೆ ತಪ್ಪಿದಾಗ. ಆಗ 100ರಿಂದ 150 ಮಿ.ಲೀ. ಬೇಗನೆ ಹರಿಸುತ್ತಾರೆ; ಲೀಟರಿಗೆ 4ರಿಂದ 6 ಮಿಲಿಮೋಲ್ ಏರಿದರೆ ಸಾಮಾನ್ಯವಾಗಿ ಅಪಾಯ ತಗ್ಗುತ್ತದೆ. ಅಲ್ಲಿಂದಾಚೆಗೆ ಅವಸರ ಕೂಡದು. ಮಿದುಳುಕಾಂಡದ ನರತಂತುಗಳ ಹೊದಿಕೆ ಕರಗುವ ಕಾಯಿಲೆಯನ್ನು 1959ರಲ್ಲಿ ಆಡಮ್ಸ್ ಮತ್ತು ಸಂಗಡಿಗರು ವಿವರಿಸಿದ್ದರು. ಸೋಡಿಯಂ ಅತಿವೇಗವಾಗಿ ಏರಿಸುವುದರಿಂದಲೂ ಅದು ಬರುತ್ತದೆಂಬುದು 1980ರ ದಶಕದಲ್ಲಿ ಸ್ಪಷ್ಟವಾಯಿತು. ಆದ್ದರಿಂದ ಏರಿಕೆಗೆ ದಿನವೊಂದಕ್ಕೆ ಲೀಟರಿಗೆ 8ರಿಂದ 10 ಮಿಲಿಮೋಲ್ ಎಂಬ ಮಿತಿ. ಮದ್ಯವ್ಯಸನಿಗಳು, ಅಪೌಷ್ಟಿಕತೆಯಿಂದ ಬಳಲುವವರು ಮತ್ತು ಪೊಟ್ಯಾಸಿಯಂ ಕಡಿಮೆ ಇರುವವರಲ್ಲಿ 8ನ್ನು ದಾಟಗೊಡುವುದಿಲ್ಲ. ದಾಟಿದರೆ 5% ಡೆಕ್ಸ್‌ಟ್ರೋಸ್ ಮತ್ತು ಡೆಸ್ಮೋಪ್ರೆಸಿನ್ ಕೊಟ್ಟು ಮತ್ತೆ ಕೆಳಗಿಳಿಸುತ್ತಾರೆ.