ನೋಡತಕ್ಕದ್ದು, ಕೇಳತಕ್ಕದ್ದು: ಧರ್ಮಪುರಿ–ಸೇಲಂ ಸೀಮೆಯ ಕನ್ನಡದ ಕುರುಹುಗಳು

ಧರ್ಮಪುರಿಯಿಂದ ಪೆನ್ನಾಗರಂ ಮಾರ್ಗವಾಗಿ ಹೊಗೆನಕಲ್ಲಿಗೆ ಹೋಗುವ ಬಸ್ಸುಗಳು ರಜಾದಿನಗಳಲ್ಲಿ ಕಿಕ್ಕಿರಿದಿರುತ್ತವೆ. ಬಂದವರು ಜಲಪಾತ ನೋಡುತ್ತಾರೆ, ಎಣ್ಣೆ ತಿಕ್ಕಿಸಿಕೊಂಡು ಮೀಯುತ್ತಾರೆ, ಹರಿಗೋಲಿನಲ್ಲಿ ಕುಳಿತು ಬಂಡೆಗಳ ಸಂದಿನಲ್ಲಿ ಸುತ್ತುತ್ತಾರೆ, ಹುರಿದ ಮೀನು ತಿಂದು ಸಂಜೆಗೆ ಹಿಂದಿರುಗುತ್ತಾರೆ. ದಿನವಿಡೀ ಅವರ ಬಾಯಲ್ಲಿ ಓಡಾಡಿದ ಆ ಊರಿನ ಹೆಸರು ಕನ್ನಡದ್ದೆಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ನೀರು ಬಿದ್ದೇಳುವ ತುಂತುರು ಹೊಗೆಯಾಗಿ ಕಾಣುವ ಕಲ್ಲು, ಅದೇ ಹೊಗೆನಕಲ್ಲು.

ಒಂದು ಸೀಮೆಗೆ ಬಂದವರಿಗೆ ಅಲ್ಲಿನ ಸಂಸ್ಕೃತಿಯೆಂದು ನಾವು ಏನನ್ನು ತೋರಿಸುತ್ತೇವೆ? ಧರ್ಮಪುರಿ, ಸೇಲಂ ಜಿಲ್ಲೆಗಳ ಪಟ್ಟಿ ಎಲ್ಲರಿಗೂ ಬಾಯಿಪಾಠ. ಹೊಗೆನಕಲ್ಲು, ತೀರ್ಥಮಲೆ, ಅದಿಯಮಾನ್ ಕೋಟೆ, ಪಾಪ್ಪಾರಪಟ್ಟಿಯಲ್ಲಿ ಸುಬ್ರಹ್ಮಣ್ಯ ಶಿವರ ಸ್ಮಾರಕ. ಆ ಕಡೆ ಏರ್ಕಾಡು, ಮೇಟ್ಟೂರು ಅಣೆಕಟ್ಟು. ಇವೆಲ್ಲ ನೋಡತಕ್ಕವೇ. ಔವೈಗೆ ನೆಲ್ಲಿಕಾಯಿ ಕೊಟ್ಟ ಅದಿಯಮಾನನ ಕಥೆ ಯಾರಿಗೆ ತಾನೇ ಪ್ರಿಯವಲ್ಲ? ಆದರೆ ಯಾವುದೇ ಪಟ್ಟಿಯನ್ನು ಯಾರೋ ಒಬ್ಬರು ಮಾಡಿರುತ್ತಾರೆ. ಮಾಡುವಾಗ ಕೆಲವನ್ನು ಬಿಟ್ಟೂ ಇರುತ್ತಾರೆ.

ಈ ಪಟ್ಟಿಯ ಮೊದಲ ಲೇಖಕರು ಇಂಗ್ಲಿಷರು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಕಂಪೆನಿಗೆ ಬಿಟ್ಟುಕೊಟ್ಟ ಪ್ರದೇಶಗಳಲ್ಲಿ ಮಲಬಾರೂ ಇತ್ತು, ಬಾರಾಮಹಲೂ ಇತ್ತು. ಕನ್ನಡ–ಮಲಯಾಳ ಎರಡನ್ನೂ ಓದುವ ನಮಗೆ ಈ ಸಂಗತಿ ನೆನಪಿರಬೇಕು. ಬಾರಾಮಹಲಿಗೆ ಕಲೆಕ್ಟರನಾಗಿ ಬಂದವನು ಅಲೆಗ್ಸಾಂಡರ್ ರೀಡ್. ಅವನ ಸಹಾಯಕರಲ್ಲೊಬ್ಬ ಥಾಮಸ್ ಮನ್ರೋ. ರೈತವಾರಿ ಪದ್ಧತಿ ಮೊಳಕೆಯೊಡೆದದ್ದು ಇಲ್ಲಿ. ಮನ್ರೋ ಧರ್ಮಪುರಿಯ ತನ್ನ ತೋಟವನ್ನು ಬಹಳ ಹಚ್ಚಿಕೊಂಡಿದ್ದ. 1799ರಲ್ಲಿ ಅದನ್ನು ಬಿಟ್ಟು ಅವನು ಕಲೆಕ್ಟರನಾಗಿ ಬಂದದ್ದು ನಮ್ಮ ಕೆನರಾಕ್ಕೆ. ಮುಂದೆ ಲೆ ಫಾನು 1883ರಲ್ಲಿ ಸೇಲಂ ಜಿಲ್ಲೆಯ ಕೈಪಿಡಿಯನ್ನೂ, ರಿಚರ್ಡ್ಸ್ 1918ರಲ್ಲಿ ಗೆಜೆಟಿಯರನ್ನೂ ಬರೆದರು. ಅವರ ಶ್ರಮ ದೊಡ್ಡದು. ಆದರೂ ಆಡಳಿತಗಾರನ ಕಣ್ಣಿಗೆ ಕೋಟೆ, ಬೆಟ್ಟ, ದೇವಾಲಯಗಳು ಸ್ಥಳಗಳಾದವು. ಜನರ ಮಾತು ಜನಗಣತಿಯ ಅಂಕಿಯಾಯಿತು. 1820ರ ದಶಕದಲ್ಲಿ ಕಲೆಕ್ಟರ್ ಕಾಕ್‌ಬರ್ನ್ ಕಾಫಿ ಬೆಳೆಸಿದ ಏರ್ಕಾಡು ವಿಹಾರಧಾಮವಾಯಿತು. 2004ರವರೆಗೆ ಧರ್ಮಪುರಿ ಜಿಲ್ಲೆಯಲ್ಲಿದ್ದು ಈಗ ಕೃಷ್ಣಗಿರಿಗೆ ಸೇರಿರುವ ತಳಿಯ ತಂಪು ಹವೆಗೆ ‘ಲಿಟ್ಲ್ ಇಂಗ್ಲೆಂಡ್’ ಎಂಬ ಹೆಸರು ಬಂತು. ಕನ್ನಡ, ತೆಲುಗು ಆಡುವ ರೈತರ ನಾಡಿಗೆ ಇಂಗ್ಲೆಂಡಿನ ಹೆಸರು! ಇಂದಿಗೂ ಪ್ರವಾಸಿಗರಿಗೆ ಹೇಳುವುದು ಅದನ್ನೇ.

ಇನ್ನು ಪಟ್ಟಿಯ ಹೊರಗೆ ಉಳಿದದ್ದನ್ನು ನೋಡೋಣ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಒಂಬತ್ತನೆಯ ಶತಮಾನದ ಕೊನೆಗೆ ಅದು ನೊಳಂಬರ ಕೈಯಲ್ಲಿತ್ತು. ಅಲ್ಲಿ ದೊರೆತ ಶಕ 815ರ, ಅಂದರೆ ಕ್ರಿ.ಶ. 893ರ ಶಾಸನವು ಕನ್ನಡದಲ್ಲಿದೆ. ನಿಧಿಯಣ್ಣ, ಚಂಡಿಯಣ್ಣ ಎಂಬ ವರ್ತಕ ಸಹೋದರರು ತಗಡೂರಿನಲ್ಲಿ ಬಸದಿಯನ್ನು ಕಟ್ಟಿಸಿದ್ದನ್ನೂ, ನೊಳಂಬ ಮಹೇಂದ್ರನಿಂದ ಪಡೆದ ಮೂಲಪಳ್ಳಿ ಎಂಬ ಗ್ರಾಮವನ್ನು ನಿಧಿಯಣ್ಣನು ಕನಕಸೇನ ಸಿದ್ಧಾಂತ ಭಟಾರರಿಗೆ ಬಿಟ್ಟುದನ್ನೂ ಅದು ಹೇಳುತ್ತದೆ. ಇದು ದಂಡೆತ್ತಿ ಬಂದವರ ಜಯಘೋಷವಲ್ಲ, ಊರಲ್ಲಿ ನೆಲೆ ನಿಂತವರು ಊರಿಗೆ ಮಾಡಿದ ಧರ್ಮದ ಕಾರ್ಯ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಮೈಸೂರಿನ ಆಳ್ವಿಕೆ ಈ ಕಡೆಗೆ ಹಬ್ಬಿತು. ಆದರೆ ಕನ್ನಡ ಅದಕ್ಕೆ ಎಂಟು ನೂರು ವರ್ಷ ಮೊದಲೇ ಇಲ್ಲಿ ಕಲ್ಲಿನ ಮೇಲೆ ಕುಳಿತಿತ್ತು. ಪಾಲಕ್ಕೋಡಿನ ಕಡೆಯ ಮಾರಂಡಹಳ್ಳಿಯ ‘ಹಳ್ಳಿ’ಯೂ, ಅದಿಯಮಾನ್ ಕೋಟೆಯ ಚೆನ್ನರಾಯ ಪೆರುಮಾಳಿನ ‘ಚೆನ್ನರಾಯ’ನೂ ನಮ್ಮ ಕಿವಿಗೆ ಅಪರಿಚಿತವಲ್ಲ.

ಸೇಲಂ ಪೇಟೆಯ ಕಥೆ ಬೇರೆ. ಗುಗೈ, ಅಮ್ಮಾಪೇಟೆಗಳ ಬೀದಿಗಳಲ್ಲಿ ಮಗ್ಗದ ಸದ್ದು ಹಳೆಯದು. ಸೇಲಮಿನ ರೇಷ್ಮೆ ಪಂಚೆ ದಕ್ಷಿಣದ ಮದುವೆ ಮನೆಗಳಿಗೆಲ್ಲ ಹೋಗುತ್ತದೆ. ನೇಯುವವರಲ್ಲಿ ಕನ್ನಡ ಮನೆಮಾತಿನ ದೇವಾಂಗರು ಬಹಳ ಮಂದಿ. ಕುಲದೇವತೆ ಚೌಡೇಶ್ವರಿ, ಅವಳ ಉತ್ಸವದಲ್ಲಿ ಅಲಗು ಹಿಡಿದು ಎದೆಗೆ ಬಡಿದುಕೊಳ್ಳುವ ಸೇವೆಯನ್ನು ಕಂಡವರು ಮರೆಯಲಾರರು. ಒಮ್ಮೆ ಅಲ್ಲಿನ ಒಂದು ಮನೆಯ ಜಗಲಿಯಲ್ಲಿ ಕುಳಿತಿದ್ದಾಗ ನನ್ನ ಮಾತು ಕೇಳಿ ಒಳಗಿನಿಂದ ಬಂದ ಅಜ್ಜಿ, ‘ಯಾವೂರಪ್ಪಾ ನಿಂದು? ನಮ್ಮಂಗೇ ಮಾತಾಡ್ತೀಯಲ್ಲ’ ಎಂದರು. ಅವರ ಮೊಮ್ಮಗಳು ಶಾಲೆಯ ತಮಿಳು ಪುಸ್ತಕ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ‘ನಿನಗೆ ಕನ್ನಡ ಬರುತ್ತದೆಯೇ ಮಗೂ?’ ಎಂದರೆ ‘ಇದು ಕನ್ನಡ ಅಲ್ಲ, ಮನೆ ಮಾತು’ ಎಂದಳು. ಆ ಮಗುವಿನ ತಪ್ಪೇನೂ ಇಲ್ಲ. ತನ್ನ ಮಾತಿಗೆ ಒಂದು ಹೆಸರಿದೆ, ಲಿಪಿಯಿದೆ, ಸಾವಿರ ವರ್ಷದ ಶಾಸನವಿದೆ ಎಂದು ಅವಳಿಗೆ ಯಾರೂ ತೋರಿಸಿಲ್ಲ. ಸೇಲಮಿಗೆ ಬಂದವರು ಪಂಚೆಯನ್ನು ಕೊಳ್ಳುತ್ತಾರೆ, ನೇಯುವವರ ಮಾತನ್ನು ಕೇಳುವುದಿಲ್ಲ.

ಇದು ಕನ್ನಡದ ದುಃಖ ಮಾತ್ರವಲ್ಲ. ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ (1938) ತಯಾರಾದದ್ದು ಸೇಲಮಿನಲ್ಲಿ, ಟಿ. ಆರ್. ಸುಂದರಂ ಅವರ ಮಾಡರ್ನ್ ಥಿಯೇಟರ್ಸ್ ಸಂಸ್ಥೆಯಿಂದ. 1961ರಲ್ಲಿ ಮಲಯಾಳದ ಮೊದಲ ವರ್ಣಚಿತ್ರ ‘ಕಂಡಂ ಬೆಚ್ಚ ಕೋಟ್ಟು’ವನ್ನು ತೆಗೆದವರೂ ಅವರೇ. ಆ ಸ್ಟುಡಿಯೋದ ಹೆಬ್ಬಾಗಿಲ ಕಮಾನು ಏರ್ಕಾಡಿನ ದಾರಿಯಲ್ಲಿದೆ. ಬೆಟ್ಟಕ್ಕೆ ಹೋಗುವ ಎಷ್ಟು ಮಲಯಾಳಿಗಳು ಅದರ ಮುಂದೆ ವಾಹನ ನಿಲ್ಲಿಸುತ್ತಾರೋ!

ಮನ್ರೋ ಹುಟ್ಟಿದ್ದು 1761ರಲ್ಲಿ, ಗ್ಲಾಸ್ಗೋದಲ್ಲಿ. ಆ ನಗರ 1990ರಲ್ಲಿ ‘ಯುರೋಪಿನ ಸಂಸ್ಕೃತಿ ನಗರ’ವೆಂದು ಮೆರೆಯಿತು. ಸಂಗೀತ, ನಾಟಕ, ಚಿತ್ರಪ್ರದರ್ಶನಗಳಿಗೆ ಜನ ಹರಿದು ಬಂದರು. ಆಗ ಅಲ್ಲಿನ ಕೆಲವು ಲೇಖಕರು ಒಟ್ಟುಗೂಡಿ ಒಂದು ಪ್ರಶ್ನೆ ಎತ್ತಿದರು: ಹಡಗು ಕಟ್ಟಿದ, ಕಾರ್ಖಾನೆಯಲ್ಲಿ ದುಡಿದ ಜನರ ಬದುಕು, ಅವರ ನುಡಿ ಈ ಸಂಸ್ಕೃತಿಯಲ್ಲಿ ಎಲ್ಲಿದೆ? ಬಂದವರಿಗೆಂದು ಸಿಂಗರಿಸಿದ ನಗರದಲ್ಲಿ ಇದ್ದವರೇ ಕಾಣೆಯಾದರೆ ಹೇಗೆ? ಅದೇ ಗ್ಲಾಸ್ಗೋದಲ್ಲಿ 1898ರಿಂದ ‘ಪೀಪಲ್ಸ್ ಪ್ಯಾಲೇಸ್’ ಇದೆ. ಸಾಮಾನ್ಯರ ಬಾಳಿನ ವಸ್ತುಗಳು ಅಲ್ಲಿ ಸಂಗ್ರಹಾಲಯದ ಗೌರವ ಪಡೆದಿವೆ. ನೇಕಾರನ ಮಗ್ಗವೂ ಅವನ ಮಾತೂ ನೋಡತಕ್ಕ ಸಂಗತಿಗಳೆಂದು ಒಪ್ಪಿಕೊಂಡರೆ ಸೇಲಮಿನಲ್ಲಿ ಅಂಥದ್ದು ಅಸಾಧ್ಯವಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಬೇಕು. 2008ರಲ್ಲಿ ಹೊಗೆನಕಲ್ಲಿನ ಕುಡಿಯುವ ನೀರಿನ ಯೋಜನೆಯ ವಿಚಾರವಾಗಿ ಎರಡು ರಾಜ್ಯಗಳಲ್ಲೂ ಬಿಸಿ ಏರಿತ್ತು. ಅಂಥ ದಿನಗಳಲ್ಲಿ ಹೆದರಿ ಬಾಗಿಲು ಹಾಕಿಕೊಳ್ಳುವವರು ಗಡಿಯ ಎರಡೂ ಬದಿಯ ಅಲ್ಪಸಂಖ್ಯಾತರೇ. ಊರ ಹೆಸರು ಜಮೀನಿನ ಪಟ್ಟೆಯಲ್ಲ. ಶಾಸನವು ಗಡಿಕಲ್ಲೂ ಅಲ್ಲ. ನಿಧಿಯಣ್ಣನ ಬಸದಿ ತಗಡೂರಿನದು, ಅದಿಯಮಾನನ ತಗಡೂರೇ ಅದು. ಎರಡನ್ನೂ ಒಟ್ಟಿಗೆ ಹೇಳಿದರಷ್ಟೇ ಊರಿನ ಕಥೆ ಪೂರ್ತಿಯಾಗುತ್ತದೆ.

ಕೆಳದಿಯ ನಾಯಕರು ಕಟ್ಟಿದ ಬೇಕಲ ಕೋಟೆಯನ್ನು ದಿನವೂ ಪ್ರವಾಸಿಗರ ನಡುವೆ ಕಾಣುವ ಕಾಸರಗೋಡಿನ ನಮಗೆ ಇದು ಪರರ ಕಥೆಯಲ್ಲ. ಸರಕಾರದ ಪಟ್ಟಿ ತಿದ್ದುವ ಅಧಿಕಾರ ನಮ್ಮ ಕೈಯಲ್ಲಿಲ್ಲದಿರಬಹುದು. ಮನೆಯ ಮಕ್ಕಳನ್ನು ಕೋಟೆಗೆ ಕರೆದೊಯ್ದಾಗ ಏನು ಹೇಳಬೇಕೆಂಬುದು ನಮ್ಮ ಕೈಯಲ್ಲಿದೆ. ಹೊಗೆನಕಲ್ಲಿಗೆ ಹೋದವರು ನೀರನ್ನು ನೋಡಲಿ, ಮೀಯಲಿ. ಮರಳಿ ಬಸ್ಸು ಹತ್ತುವಾಗ ಮಗುವಿಗೆ ಆ ಹೆಸರನ್ನು ಒಮ್ಮೆ ಬಿಡಿಸಿ ಹೇಳಲಿ.