ಮಾಂಗರ್ ಬನಿ: ಮರ ಬಿದ್ದ ಜಾಗಕ್ಕೆ ಯಾರು ಬಂದರು?

ಗುರುಗ್ರಾಮದಿಂದ ಫರೀದಾಬಾದಿಗೆ ಹೋಗುವಾಗ ಬಂಧವಾಡಿಯ ಕಸದ ಗುಡ್ಡ ನೋಡಿರುತ್ತೀರಿ, ಮೂಗನ್ನೂ ಮುಚ್ಚಿಕೊಂಡಿರುತ್ತೀರಿ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಅರಾವಳಿಯ ಕಣಿವೆಯೊಂದರಲ್ಲಿ ಮಾಂಗರ್ ಬನಿ ಇದೆ. ಬನಿ ಅಂದರೆ ಬೇರೇನಲ್ಲ, ನಮ್ಮ ಬನವೇ. ಕೊಡಗಿನವರು ದೇವರಕಾಡು ಎಂದುಕೊಳ್ಳಿ, ಕರಾವಳಿಯವರು ನಾಗಬನ ಎಂದುಕೊಳ್ಳಿ.

ಇಲ್ಲಿ ನೆಲೆಸಿರುವವರು ಗುದರಿಯಾ ದಾಸ್ ಬಾಬಾ. ಮಾಂಗರ್, ಬಂಧವಾಡಿ, ಬಲಿಯಾವಾಸ್ ಹಳ್ಳಿಗಳ ಗುಜ್ಜರರು ಅವರ ಹೆಸರಿನಲ್ಲಿ ತಲೆಮಾರುಗಳಿಂದ ಕಟ್ಟಳೆಯೊಂದನ್ನು ನಡೆಸಿಕೊಂಡು ಬಂದಿದ್ದಾರೆ: ಬನದಲ್ಲಿ ಮರ ಕಡಿಯಬಾರದು, ಆಡು ಮೇಯಿಸಬಾರದು. ಮೀರಿದರೆ ಕೇಡು ಎಂಬ ಭಯ.

ಕಾಡಿನಲ್ಲಿ ಹಳೆಯ ಮರ ಉರುಳಿದರೆ ಮೇಲಿನ ಹಸಿರು ಚಪ್ಪರದಲ್ಲಿ ಕಿಂಡಿ ತೆರೆದು ಬಿಸಿಲು ನೆಲ ಮುಟ್ಟುತ್ತದೆ. ಪಶ್ಚಿಮ ಘಟ್ಟದಲ್ಲಾದರೆ ಉಪ್ಪಳಿಗೆಯಂಥ ಗಿಡಗಳು ಸರಸರನೆ ಮೇಲೇಳುತ್ತವೆ. ನೆರಳಲ್ಲಿ ವರ್ಷಗಟ್ಟಲೆ ಕಾದಿದ್ದ ದೊಡ್ಡ ಮರಗಳ ಸಸಿಗಳು ನಿಧಾನಕ್ಕೆ ಹಿಂದೆ ಬರುತ್ತವೆ. ಅರಾವಳಿಯ ಒಣ ಕಲ್ಲುನೆಲದಲ್ಲಿ ಆ ಭಾಗ್ಯ ಎಲ್ಲಿಂದ? ಬನಿಯ ಮುಖ್ಯ ಮರ ಧೌ, ನಮ್ಮ ದಿಂಡಿಗದ ದಾಯಾದಿ. ಅದರ ಬೀಜ ಮೊಳೆಯುವುದೇ ಅಪರೂಪ. ಬುಡದಿಂದ, ಬೇರಿನಿಂದ ಚಿಗುರಿಯೇ ಅದು ಖಾಲಿ ಜಾಗ ತುಂಬಬೇಕು. ಆಡು ಕಚ್ಚುತ್ತಲೇ ಇದ್ದರೆ ಧೌ ನೆಲಕ್ಕಂಟಿದ ಪೊದೆಯಾಗಿ ಉಳಿದುಬಿಡುತ್ತದೆ. ಬಾಯಿ ಹಾಕದೆ ಬಿಟ್ಟರೆ ತಲೆ ಎತ್ತುತ್ತದೆ. ಬಾಬಾ ಹೆಸರಿನ ಕಟ್ಟಳೆ ಧೌಗೆ ಹೇಳಿ ಮಾಡಿಸಿದಂತಿದೆ, ಅಲ್ಲವೇ?

ಬನದಾಚೆಯ ಕತೆಯೇ ಬೇರೆ. ಕಡಿದು, ಮೇಯಿಸಿ ಬೋಳಾದ ಗುಡ್ಡಗಳಿಗೆ ನುಗ್ಗಿದ್ದು ವಿಲಾಯತಿ ಕೀಕರ್, ಅಂದರೆ ನಮ್ಮ ಬಳ್ಳಾರಿ ಜಾಲಿ! ಅಮೆರಿಕ ಖಂಡದ ಈ ಮರವನ್ನು ಭಾರತಕ್ಕೆ ತಂದದ್ದು 1870ರ ದಶಕದಲ್ಲಿ. ದೆಹಲಿಯ ದಿಬ್ಬದ ಮೇಲೆ ಬ್ರಿಟಿಷರು ಅದನ್ನು ಬೇಕೆಂದೇ ಬೆಳೆಸಿದರು. ದನಕರು ಕಾಯಿ ತಿಂದು ಬೀಜ ಹರಡಿದವು. ಒಮ್ಮೆ ಅದು ಬೇರೂರಿದ ಕಡೆ ಧೌ ಮರಳುವುದು ಕಷ್ಟ.

ಬನಿಗೂ ಕುತ್ತು ಬಂದಿತ್ತು. ಹಳ್ಳಿಯ ಸಾಮೂಹಿಕ ಭೂಮಿ ಹಂಚಿಹೋಗಿ, ಎಷ್ಟೋ ಭಾಗ ಹೊರಗಿನವರ ಕೈ ಸೇರಿತು. ಗುಡಿಯ ಭಯ ಹಳ್ಳಿಯವರಿಗೆ ಉಂಟು, ಬಿಲ್ಡರಿಗೆ ಎಲ್ಲಿಂದ ಬರಬೇಕು? 2009ರಲ್ಲಿ ಸುಪ್ರೀಂ ಕೋರ್ಟ್ ಗುಡಗಾಂವ್, ಫರೀದಾಬಾದ್, ಮೇವಾತ್‌ಗಳ ಅರಾವಳಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಹಳ್ಳಿಗರೂ ಪರಿಸರಪ್ರಿಯರೂ ಪಟ್ಟು ಹಿಡಿದ ಮೇಲೆ, 2016ರಲ್ಲಿ ಹರಿಯಾಣ ಸರ್ಕಾರ 677 ಎಕರೆ ಬನವನ್ನೂ ಅದರ ಸುತ್ತಲ ಅಂಚನ್ನೂ ಕಟ್ಟಡ ಕಟ್ಟಬಾರದ ಪ್ರದೇಶವೆಂದು ಗುರುತಿಸಿತು.

ಚಳಿಗಾಲದಲ್ಲಿ ಧೌ ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಹೋಗಿ ನೋಡಿ ಬನ್ನಿ. ಕಡ್ಡಿ ಮಾತ್ರ ಮುರಿಯಬೇಡಿ, ಬಾಬಾ ನೋಡುತ್ತಿರುತ್ತಾರೆ!